ಜ್ಯೂರಿ ಕೇಳಿದರು, "ನಿನ್ನ ವಾಯ್ಡ್ ಎಲ್ಲಿ?" ಸಾಣಿಕಟ್ಟಾ ಆಗರದ ಪ್ರಾಜೆಕ್ಟಿಗೆ ಸಲಹೆ ಬೇಕು

ಘಟ್ಟದಮೇಲಿನವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆರ್ಕಿಟೆಕ್ಚರ್ ಮೂರನೇ ವರ್ಷ ಓದುತ್ತಿದ್ದೇನೆ. ಊರು ಶಿರಸಿಯಿಂದ ಒಳಗೆ, ತೋಟದ ಊರು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ಸಲದ ಸ್ಟುಡಿಯೋ, ಅಂದರೆ ಡಿಸೈನ್ ತರಗತಿಯ ವಿಷಯ ಫಾರ್ಮ್, ವಾಯ್ಡ್, ಅಟ್ಮಾಸ್ಫಿಯರ್. ಅಂದರೆ ಆಕಾರ, ಖಾಲಿ ಜಾಗ, ಮತ್ತೆ ಒಳಗೆ ಕಾಲಿಟ್ಟ ಕೂಡಲೇ ಮೈಗೆ ಆಗುವ ಅದೇನೋ ಒಂದು. ಮೂರನೆಯದಕ್ಕೆ ಕನ್ನಡದಲ್ಲಿ ಏನನ್ನಬೇಕೋ ನನಗೆ ಹೊಳೆಯಲಿಲ್ಲ. ವಾತಾವರಣ ಅಂದರೆ ಹವಾಮಾನ ವರದಿ ಓದಿದ ಹಾಗಿರುತ್ತದೆ.

ಜಾಗ ನಾವೇ ಆರಿಸಿಕೊಳ್ಳಬೇಕು. ಕಟ್ಟಡ 300 ಚದರ ಮೀಟರ್ ದಾಟಬಾರದು. ನಾನು ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪಿನ ಆಗರ ಆರಿಸಿಕೊಂಡೆ. ಕಾರಣ ಹೇಳಿದರೆ ನಗುತ್ತೀರಿ. ಮಿಡಿ ಉಪ್ಪಿನಕಾಯಿ ಹಾಕುವಾಗ ನನ್ನ ಅಮ್ಮಮ್ಮ ಪ್ಯಾಕೆಟ್ ಉಪ್ಪು ಮುಟ್ಟುತ್ತಿರಲಿಲ್ಲ. ಸಾಣಿಕಟ್ಟಾ ಹರಳುಪ್ಪೇ ಆಗಬೇಕು. ಚಿಕ್ಕವಳಿದ್ದಾಗ ಬಸ್ಸಿನ ಕಿಟಕಿಯಿಂದ ಆ ರಾಶಿ ನೋಡಿ, ಅದು ಹಿಮ ಅಂತ ತಮ್ಮನಿಗೆ ನಂಬಿಸಿದ್ದೆ.

ಕಟ್ಟಡದಲ್ಲಿ ಏನೇನು ಇರಬೇಕು ಅಂದರೆ, ಆಗರದ ಕೆಲಸಗಾರರು ಮಧ್ಯಾಹ್ನ ಕೂತು ಉಣ್ಣುವ ಜಾಗ, ಕುಡಿಯುವ ನೀರು, ಶೌಚಾಲಯ, ಒಂದಿಷ್ಟು ಉಪ್ಪು ಇಡುವ ಕೋಣೆ, ನೋಡಲು ಬರುವ ಶಾಲೆ ಮಕ್ಕಳಿಗೆ ಒಂದು ಕೋಣೆ.

ನಾನು ಮಾಡಿದ್ದು ಹೀಗೆ. ಉಪ್ಪಿನ ಹರಳು ಘನಾಕಾರ. ಅದಕ್ಕೇ ಕಟ್ಟಡವೂ ಘನ. ಉದ್ದ, ಅಗಲ, ಎತ್ತರ ಎಲ್ಲ 12 ಮೀಟರ್, ಬಿಳಿ ಕಾಂಕ್ರೀಟ್. ನಡುವೆ 4 ಮೀಟರ್ ಚೌಕದ ಅಂಗಳ, ಮೇಲೆ ಆಕಾಶ. ರಾತ್ರಿ ಎರಡಕ್ಕೆ ರೆಂಡರ್ (ಕಂಪ್ಯೂಟರಿನಲ್ಲಿ ಮಾಡಿದ ಕಟ್ಟಡದ ಚಿತ್ರ) ಮುಗಿದಾಗ ನನಗೇ ಖುಷಿಯಾಗಿ ಹಾಸ್ಟೆಲಿನವರನ್ನು ಎಬ್ಬಿಸಿ ತೋರಿಸಿದ್ದೆ.

ಜ್ಯೂರಿಗೆ, ಅಂದರೆ ನಮ್ಮ ಡಿಸೈನ್ ನೋಡಿ ತಪ್ಪು ಒಪ್ಪು ಹೇಳುವ ಸಭೆಗೆ, ಬಂದ ಹೊರಗಿನವರೊಬ್ಬರು ಎರಡು ನಿಮಿಷ ಸುಮ್ನೆ ನೋಡಿದರು. "ಫಾರ್ಮ್ ಇದೆ. ವಾಯ್ಡ್ ಎಲ್ಲಿ?" ಅಂದರು. ಅಂಗಳ ತೋರಿಸಿದೆ. "ಅದು ತೂತು." ಆಮೇಲೆ, "ಒಳಗೆ ಹೋದಾಗ ಏನು ಕಾಣುತ್ತದೆ ಅಂತ ಬೇಡ. ಏನು ಆಗುತ್ತದೆ, ಅದು ಹೇಳು" ಅಂದರು. ನಾನು ರೆಂಡರಿನಲ್ಲಿ ನಿಲ್ಲಿಸಿದ ಸೀರೆ ಉಟ್ಟ ಹೆಂಗಸನ್ನೇ ನೋಡುತ್ತಾ ನಿಂತೆ. ಅವಳೂ ಏನೂ ಹೇಳಲಿಲ್ಲ.

ಸಿಟ್ಟು ಬಂದದ್ದು ಯಾಕೆ ಅಂದರೆ, ನಾನು ಹುಟ್ಟಿ ಬೆಳೆದದ್ದೇ ಅಂಗಳ ಇರುವ ಮನೆಯಲ್ಲಿ. ಅಂಗಳ ಅಂದರೆ ಏನು ಅಂತ ನನಗೆ ಬೇರೆಯವರು ಹೇಳಿಕೊಡಬೇಕಾ?

ಸರಿ, ಸಿಟ್ಟು ಇಳಿದಿದೆ. ಈಗ ನಿಜವಾಗಿ ಕೇಳುತ್ತಿದ್ದೇನೆ. ತೂತಿಗೂ ವಾಯ್ಡಿಗೂ ಏನು ವ್ಯತ್ಯಾಸ? ಅಟ್ಮಾಸ್ಫಿಯರನ್ನು ಹಾಳೆಯ ಮೇಲೆ ತೋರಿಸುವುದು ಹೇಗೆ? ಫೈನಲ್ ಜ್ಯೂರಿಗೆ 18 ದಿನ ಇದೆ.

ಕಾಳಿದಂಡೆ ಉತ್ತರಿಸಿದ್ದು:

ಕಾರವಾರದಲ್ಲಿ ಸಣ್ಣ ಆಫೀಸು ಇಟ್ಟುಕೊಂಡಿದ್ದೇನೆ. ಹೆಚ್ಚಾಗಿ ಮನೆ, ಆಗೊಂದು ಈಗೊಂದು ಹೋಂಸ್ಟೇ. ನಿಮ್ಮ ಪೋಸ್ಟ್ ಓದಿ ನನ್ನ ಮೂರನೇ ವರ್ಷ ನೆನಪಾಯಿತು. ನಾನು ಸಂಗೀತ ಶಾಲೆಗೆ ವೀಣೆ ಆಕಾರ ಮಾಡಿದ್ದೆ, ಮರೆತುಬಿಡಿ.

ಮೊದಲು ಆ ಘನ ಬಿಡಿ. ಉಪ್ಪಿನ ಹರಳು ಘನ ಅಂತ ಕಟ್ಟಡ ಘನ ಮಾಡಿದರೆ, ಮೀನು ಮಾರುಕಟ್ಟೆಯನ್ನು ಬಾಂಗಡೆ ಆಕಾರದಲ್ಲಿ ಕಟ್ಟಬೇಕಾಗುತ್ತದೆ. ತಮಾಷೆ ಅಂದುಕೊಳ್ಳಬೇಡಿ, ಹೈದರಾಬಾದಿನಲ್ಲಿ ಮೀನುಗಾರಿಕೆ ಮಂಡಳಿಯ ಕಚೇರಿ ನಿಜವಾಗಿಯೂ ಮೀನಿನ ಆಕಾರದಲ್ಲೇ ಇದೆ. ಹರಳು ಘನ ಅನ್ನುವುದು ಕೈಯಲ್ಲಿ ಹಿಡಿದರೆ ಗೊತ್ತಾಗುವ ವಿಷಯ. ಹನ್ನೆರಡು ಮೀಟರ್ ಮಾಡಿದ ಮೇಲೆ ಅದಕ್ಕೂ ಉಪ್ಪಿಗೂ ಸಂಬಂಧ ಇಲ್ಲ.

ಇನ್ನು ವಾಯ್ಡ್. ಒಂದು ಕೆಲಸ ಮಾಡಿ. ರಟ್ಟಿನಲ್ಲಿ ಮಾಡೆಲ್ ಕಟ್ಟಿ, ಒಳಗೆಲ್ಲ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿಯಿರಿ. ಒಣಗಿದ ಮೇಲೆ ರಟ್ಟು ಹರಿದು ತೆಗೆಯಿರಿ. ಕೈಗೆ ಬರುವುದು ನಿಮ್ಮ ಕಟ್ಟಡದ ಒಳಗಿನ ಗಾಳಿ. ರೇಚಲ್ ವೈಟ್‌ರೀಡ್ ಎಂಬ ಶಿಲ್ಪಿ 1993ರಲ್ಲಿ ಪೂರ್ವ ಲಂಡನ್ನಿನ ಒಂದು ಹಳೇ ಮನೆಗೇ ಹೀಗೆ ಮಾಡಿದ್ದರು. ಒಳಗೆಲ್ಲ ಕಾಂಕ್ರೀಟ್ ತುಂಬಿಸಿ, ಹೊರಗಿನ ಗೋಡೆ ಕಿತ್ತು ಹಾಕಿದರು. ಕಿಟಕಿ, ಒಲೆಗೂಡು, ಮೆಟ್ಟಿಲು ಎಲ್ಲ ತಿರುವುಮುರುವಾಗಿ ಕಾಣುತ್ತಿದ್ದವು. ಮುಂದಿನ ಜನವರಿಯಲ್ಲಿ ಅದನ್ನು ಕೆಡವಿಬಿಟ್ಟರು. ನಿಮ್ಮ ಎರಕ ಹೊರಗೆ ಬಂದಾಗ ಅದರಲ್ಲಿ ಒಂದು ಗುಣ, ಒಂದು ಏರಿಳಿತ ಇದ್ದರೆ ಸರಿ. ಬರೀ ಚೌಕದ ಗಟ್ಟಿ ಬಂದರೆ ನೀವು ಗೋಡೆ ಮಾತ್ರ ಡಿಸೈನ್ ಮಾಡಿದ್ದೀರಿ, ಒಳಗಿನದ್ದು ತಾನಾಗಿ ಉಳಿದದ್ದು. ಅದಕ್ಕೇ ಅವರು ತೂತು ಅಂದದ್ದು.

ಇನ್ನೊಂದು ನೋಡಿ. ಜರ್ಮನಿಯ ವಾಖೆನ್‌ಡೋರ್ಫ್ ಎಂಬ ಹಳ್ಳಿಯ ಹೊಲದ ನಡುವೆ ಪೀಟರ್ ಝುಂಥೋರ್ 2007ರಲ್ಲಿ ಮುಗಿಸಿದ ಬ್ರೂಡರ್ ಕ್ಲಾಸ್ ಪ್ರಾರ್ಥನಾಮಂದಿರ. 112 ಮರದ ಕಾಂಡಗಳನ್ನು ಗುಡಾರದ ಹಾಗೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿದರು. ಸುತ್ತ ಕಾಂಕ್ರೀಟನ್ನು ದಿನಕ್ಕೊಂದರಂತೆ 24 ಪದರ ಕುಟ್ಟಿದರು. ಆಮೇಲೆ ಒಳಗೆ ಸುಮಾರು ಮೂರು ವಾರ ಸಣ್ಣ ಬೆಂಕಿ ಇಟ್ಟು ಮರವನ್ನು ಒಣಗಿಸಿ ಸುಟ್ಟು ತೆಗೆದರು. ಉಳಿದದ್ದು ಮರಗಳ ಅಚ್ಚು, ಮಸಿ ಮತ್ತು ಮೇಲೆ ಆಕಾಶಕ್ಕೆ ಒಂದು ಕಂಡಿ. ಮಳೆ ಬಂದರೆ ಒಳಗೇ ಬೀಳುತ್ತದೆ. ಹೊರಗಿನಿಂದ ನೋಡಿದರೆ ಸುಮ್ನೆ ಒಂದು ಕಂಬದಂಥ ಪೆಟ್ಟಿಗೆ. ಅಲ್ಲಿ ಖಾಲಿ ಜಾಗವನ್ನೇ ಮೊದಲು ಕಟ್ಟಿದ್ದು, ಗೋಡೆ ಆಮೇಲೆ ಬಂದದ್ದು. ನಿಮಗೆ ಬೇಕಾದ್ದು ಆ ಕ್ರಮ. ದಯವಿಟ್ಟು ಸಾಣಿಕಟ್ಟಾದಲ್ಲಿ ಮರ ಸುಡಲು ಹೋಗಬೇಡಿ.

ಅಟ್ಮಾಸ್ಫಿಯರ್ ರೆಂಡರಿನಲ್ಲಿ ಬರುವುದು ಕಷ್ಟ. ಮಾಡೆಲನ್ನು ಒಂದಕ್ಕೆ ಇಪ್ಪತ್ತರ ಅಳತೆಯಲ್ಲಿ ದೊಡ್ಡದು ಮಾಡಿ, ಒಳಗೆ ಫೋನ್ ತೂರಿಸಿ ಫೋಟೋ ತೆಗೆಯಿರಿ. ಬಿಸಿಲಿಗೆ ಇಟ್ಟು ತೆಗೆಯಿರಿ. ನಮ್ಮ ಅಕ್ಷಾಂಶ 14 ಚಿಲ್ಲರೆ ಅನ್ನುವುದು ನೆನಪಿರಲಿ. ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುವಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ತಲೆ ಮೇಲೆ. ಮಧ್ಯದ ದಿನಗಳಲ್ಲಿ ಅವನು ಉತ್ತರಕ್ಕೆ ಇರುತ್ತಾನೆ. ಉತ್ತರದ ಬೆಳಕು ತಂಪು ಅಂತ ಬೇರೆ ದೇಶದವರು ಬರೆದದ್ದನ್ನು ಇಲ್ಲಿ ಹಾಗೇ ಹಚ್ಚಬೇಡಿ.

ಅಂದಹಾಗೆ, ಆಗರದ ಒಳಗೇ ಕಟ್ಟಡ ಇಟ್ಟಿದ್ದೀರಾ? ಉಬ್ಬರ ಇಳಿತದ ಗೆರೆಗಳ ನಡುವಿನ ಜಾಗ ಸಿಆರ್‌ಝೆಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮದ ಪ್ರಕಾರ ಒಂದು-ಬಿ ವರ್ಗ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ (ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ) ಸೇರಿದೆ. ಸ್ಟುಡಿಯೋದಲ್ಲಿ ಯಾರೂ ಕೇಳುವುದಿಲ್ಲ, ಆದರೂ ನಕ್ಷೆ ತೆಗೆದು ನೋಡಿ.

ನೇರಗೆರೆ ಉತ್ತರಿಸಿದ್ದು:

ಸಿವಿಲ್ ಇಂಜಿನಿಯರ್. ಈ ಖಾಲಿ, ಗಾಳಿ, ಅನುಭವ ಎಲ್ಲ ನನಗೆ ಅರ್ಥ ಆಗುವುದಿಲ್ಲ, ಕ್ಷಮಿಸಿ. ಬಿಸಿಲಲ್ಲಿ ನಿಂತು ಉಪ್ಪು ಎಳೆಯುವ ಹೆಂಗಸರಿಗೆ ಒಂದು ಒಳ್ಳೆ ಶೌಚಾಲಯ, ಕೈಕಾಲು ತೊಳೆಯಲು ಸಿಹಿ ನೀರು, ನೆರಳು. ಅಷ್ಟು ಮಾಡಿದರೆ ಸಾಕು. ಉಳಿದದ್ದು ಮಾತು.

ಕಾಂಕ್ರೀಟ್ ಬಳಸುವುದೇ ಆದರೆ, ಸಮುದ್ರದ ನೀರು ಸಿಡಿಯುವ ಜಾಗಕ್ಕೆ ಐಎಸ್ 456ರಲ್ಲಿ, ಅಂದರೆ ಕಾಂಕ್ರೀಟಿನ ಭಾರತೀಯ ಮಾನದಂಡದಲ್ಲಿ, ಕಬ್ಬಿಣದ ಮೇಲೆ ಕನಿಷ್ಠ 50 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ (ಕವರ್), ಎಂ35 ದರ್ಜೆಯ ಕಾಂಕ್ರೀಟ್. ಕ್ಲೋರೈಡ್ ಒಳಗೆ ಹೋಯಿತು ಅಂದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟ್ ಒಡೆದು ಉದುರುತ್ತದೆ. ನಿಮ್ಮ ಬಿಳಿ ಘನದ ಮೇಲೆ ಕಂದು ಗೆರೆ ಮೂಡುತ್ತದೆ. ಅದನ್ನೂ ರೆಂಡರ್ ಮಾಡಿ.

ಆಗರದಮಗ ಉತ್ತರಿಸಿದ್ದು:

ನಾನು ಓದಿದವನಲ್ಲ, ಅಂದರೆ ನಿಮ್ಮ ಓದು ಓದಿದವನಲ್ಲ. ಅಪ್ಪ ಆಗರದಲ್ಲಿ ಕೆಲಸ ಮಾಡುತ್ತಿದ್ದ. ಈಗ ನಾನು ಹುಬ್ಬಳ್ಳಿಯಲ್ಲಿದ್ದೇನೆ. ಇಲ್ಲಿ ಯಾರಾದರೂ ಸಾಣಿಕಟ್ಟಾ ಅಂದರೆ ತಿರುಗಿ ನೋಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮಾ, ನೀವು ಬಿಳಿಯ ಮೇಲೆ ಬಿಳಿ ಕಟ್ಟಿದ್ದೀರಿ. ಮಾರ್ಚ್ ಏಪ್ರಿಲ್‌ನಲ್ಲಿ ಅಲ್ಲಿ ಹನ್ನೊಂದು ಗಂಟೆಗೆ ನಿಂತಿದ್ದೀರಾ? ಮೇಲಿನಿಂದ ಬಿಸಿಲು, ಕೆಳಗಿನಿಂದ ನೀರು ಬೇರೆ ಬಿಸಿಲು ಎತ್ತಿ ಮುಖಕ್ಕೆ ಹೊಡೆಯುತ್ತದೆ. ಕೊಡೆ ಹಿಡಿದರೂ ಸುಖ ಇಲ್ಲ. ಅಪ್ಪನ ಕಣ್ಣು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಮನೆಗೆ ಬಂದ ಮೇಲೂ ಹಾಗೇ. ನಾವು ಅದು ಅವನ ಮುಖದ ರೀತಿ ಅಂದುಕೊಂಡಿದ್ದೆವು.

ಉಪ್ಪು ಆಗುವುದು ಹೇಗೆ ಅಂತ ಮಕ್ಕಳಿಗೆ ತೋರಿಸಬೇಕಲ್ಲ, ಅದಕ್ಕೆ ಹೇಳುತ್ತೇನೆ. ಉಬ್ಬರದ ನೀರನ್ನು ತೂಬಿನಿಂದ ದೊಡ್ಡ ಕಟ್ಟೆಗೆ ಬಿಡುತ್ತಾರೆ. ಅಲ್ಲಿಂದ ಸ್ವಲ್ಪ ಸಣ್ಣದಕ್ಕೆ, ಅಲ್ಲಿಂದ ಇನ್ನೂ ಸಣ್ಣದಕ್ಕೆ. ಹೋದ ಹಾಗೆ ನೀರು ಗಟ್ಟಿಯಾಗುತ್ತದೆ. ಹತ್ತು ಕೊಡ ಸಮುದ್ರದ ನೀರು ಒಂದು ಕೊಡ ಆಗುವಷ್ಟು ಇಂಗಬೇಕು. ನೀರಿನ ಗಟ್ಟಿತನ ಅಳೆಯುವ ಬೋಮೆ ಮಾಪಕದಲ್ಲಿ 25 ಡಿಗ್ರಿ ಹತ್ತಿರ ಬಂದಾಗ ಹರಳು ಕೂರಲು ಶುರು. ಇನ್ನೂ ಇಂಗಲು ಬಿಟ್ಟರೆ ಕಹಿ ಲವಣ ಸೇರುತ್ತದೆ, ಅಷ್ಟರೊಳಗೆ ಉಳಿದ ನೀರು ಹೊರಗೆ ಬಿಡಬೇಕು. ಅಪ್ಪ ಮಾಪಕ ನೋಡಿದ್ದು ನಾನು ಕಾಣೆ. ಎರಡು ಬೆರಳಲ್ಲಿ ತಿಕ್ಕಿ ನೋಡಿ "ನಾಳೆ" ಅನ್ನುತ್ತಿದ್ದ. ಮರುದಿನ ಹರಳು ಕೂತಿರುತ್ತಿತ್ತು.

ಕೆಲಸ ಬೆಳಿಗ್ಗೆ ಮತ್ತು ಸಂಜೆ. ಮಧ್ಯಾಹ್ನ ಉಪ್ಪಿನ ಕೊಟ್ಟಿಗೆಯ ಗೋಡೆ ಬದಿಗೆ ಕೂರುತ್ತಿದ್ದರು. ಒಳಗೆ ಕತ್ತಲೆ, ತಂಪು. ನನ್ನನ್ನು ಒಳಗೆ ಮಲಗಿಸಿ ಅಮ್ಮ ಹೊರಗೆ ಉಣ್ಣುತ್ತಿದ್ದಳು. ಒಳಗೆ ಹೋದ ಕೂಡಲೇ ಏನೂ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ರಾಶಿ ಬೂದು ಬೂದಾಗಿ ಮೆಲ್ಲಗೆ ಮೂಡುತ್ತಿತ್ತು, ಯಾರೋ ಮುಸುಕು ಹಾಕಿಕೊಂಡು ಮಲಗಿದ ಹಾಗೆ. ಹೆದರಿಕೆ ಆಗುತ್ತಿತ್ತು. ಅಲ್ಲಿಂದ ಹೊರಗೆ ಬರಲು ಮನಸ್ಸೂ ಆಗುತ್ತಿರಲಿಲ್ಲ.

ನಿಮ್ಮ ನಾಲ್ಕು ಮೀಟರ್ ಅಂಗಳ ಅಲ್ಲಿ ಒಲೆ. ಯಾರೂ ಕೂರುವುದಿಲ್ಲ, ನಾಯಿಯೂ ಮಲಗುವುದಿಲ್ಲ.

ಕಿಟಕಿಪಕ್ಕ ಉತ್ತರಿಸಿದ್ದು:

ನನ್ನ ತವರು ಶಿರಸಿ ಸೀಮೆ, ಇರುವುದು ಬೆಂಗಳೂರಲ್ಲಿ, ಮೂರನೇ ಮಹಡಿ. ಆರ್ಕಿಟೆಕ್ಟ್ ಅಲ್ಲ. ಆದರೆ ಅಂಗಳದ ವಿಷಯ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಬೇಡ. ನಿನ್ನ ಮನೆಯ ಅಂಗಳ ಮನೆಯ ಒಳಗಿದೆಯಾ? ನಮ್ಮ ಕಡೆ ಅಂಗಳ ಇರುವುದು ಮನೆಯ ಎದುರಿಗೆ ಅಲ್ವಾ. ಒಂದು ಬದಿಗೆ ಮನೆ, ಒಂದು ಬದಿಗೆ ಕೊಟ್ಟಿಗೆ, ಇನ್ನೊಂದು ಬದಿಗೆ ಬಚ್ಚಲೋ ಅಡಿಕೆ ಅಟ್ಟವೋ. ಆಚೆ ತೋಟ, ತೋಟದ ಆಚೆ ಬೆಟ್ಟ. ನೀನು ಮಾಡಿದ್ದು ನಿನ್ನ ಊರಿನ ಅಂಗಳ ಅಲ್ಲ ಮಾರಾಯ್ತಿ. ಎಲ್ಲೋ ಫೋಟೋದಲ್ಲಿ ನೋಡಿದ ತೊಟ್ಟಿ, ಮನೆಯೊಳಗಿನ ಅಂಗಳ. ಹುಟ್ಟಿದ ಅಂಗಳದ ಮೇಲೆ ಆಣೆ ಇಟ್ಟು ಫೋಟೋದ ಅಂಗಳ ತೋರಿಸಿದ್ದೀಯ.

ನನ್ನ ಅಜ್ಜಿ ಮನೆಯ ಅಂಗಳ ಹೇಳುತ್ತೇನೆ. ಚಳಿಗಾಲದಲ್ಲಿ ಅಡಿಕೆ ಒಣಗಲು ಬಿದ್ದಿರುತ್ತಿತ್ತು, ಕಾಲಿಡಲು ಜಾಗ ಇಲ್ಲ. ಮದುವೆ ಬಂದರೆ ದಬ್ಬೆ ಹಾಕಿ, ಸೋಗೆ ಹೊದೆಸಿ ಚಪ್ಪರ. ಒಂದು ವರ್ಷ ಅಲ್ಲೇ ತಾಳಮದ್ದಳೆ ನಡೆದು ಕೃಷ್ಣ ಕರ್ಣರಿಗೆ ಬೆಳಗಾಗುವವರೆಗೂ ವಾದ ಮುಗಿದಿರಲಿಲ್ಲ. ಜೂನ್ ಬಂದರೆ ಅಲ್ಲಿ ನೀರು ಬಿಟ್ಟು ಬೇರೆ ಯಾರೂ ಇಲ್ಲ. ಮಾಡಿನ ಅಂಚಿನಿಂದ ಬೀಳುವ ನೀರು ಕಲ್ಲಲ್ಲಿ ಸಾಲಾಗಿ ಗುಳಿ ಮಾಡಿತ್ತು. ಖಾಲಿ ಅನ್ನುತ್ತೀರಿ. ನನಗೆ ನೆನಪಿರುವ ಹಾಗೆ ಅದು ಖಾಲಿ ಇದ್ದದ್ದೇ ಕಡಿಮೆ. ಮುಂದೆ ಬರುವುದಕ್ಕೆ ಬಿಟ್ಟ ಜಾಗ ಅದು.

ಇನ್ನೊಂದು. ಅಂಗಳ ಅಷ್ಟು ಬೆಳಕಾಗಿ ಕಾಣುತ್ತಿದ್ದದ್ದು ನಾವು ಕತ್ತಲೆ ಜಗಲಿಯಲ್ಲಿ ಕೂತು ನೋಡುತ್ತಿದ್ದರಿಂದ. ಮಾಡು ಎಷ್ಟು ಕೆಳಗೆ ಇಳಿದಿತ್ತು ಅಂದರೆ ಅಪ್ಪ ಪ್ರತಿ ಸಲ ತಲೆ ಬಗ್ಗಿಸಿ ಬರುತ್ತಿದ್ದರು, ಆದರೂ ವಾರಕ್ಕೊಮ್ಮೆ ತಲೆ ಬಡಿಯುತ್ತಿತ್ತು. ಬಿಸಿಲಿನ ಪಟ್ಟಿ ಎರಡನೇ ಮೆಟ್ಟಿಲಿಗೆ ಬಂತು ಅಂದರೆ ಅಜ್ಜಿ ಅನ್ನಕ್ಕೆ ಇಡುತ್ತಿದ್ದಳು.

ನಮ್ಮ ಕಡೆ ಸುತ್ತ ಕಾಡು, ತೋಟ, ಎಲ್ಲ ಕತ್ತಲೆ. ಅದಕ್ಕೇ ಬೆಳಕಿಗೆ ಅಂತ ಒಂದು ಜಾಗ ಬಿಡಿಸಿಕೊಂಡರು. ಸಾಣಿಕಟ್ಟಾದಲ್ಲಿ ಬೆಳಕಿಗೆ ಏನು ಬರ? ಮೇಲಿನವರು ಹೇಳಿದ್ದು ಓದು. ಅಲ್ಲಿ ಬಿಡಿಸಿಕೊಳ್ಳಬೇಕಾದ್ದು ಬೇರೆ ಏನೋ ಇರಬೇಕು.

ಕುಮಟೆಪೇಟೆ ಉತ್ತರಿಸಿದ್ದು:

ಚಿಕ್ಕದಾಗಿ ಹೇಳುತ್ತೇನೆ. ಯಾಣಕ್ಕೆ ಹೋಗಿ ಬಂದವರನ್ನು ಕೇಳಿ. ಭೈರವೇಶ್ವರ ಶಿಖರ 120 ಮೀಟರ್ ಎತ್ತರ, ಫೋಟೋ ಎಲ್ಲರೂ ಅದರದ್ದೇ ತೆಗೆಯುತ್ತಾರೆ. ಆದರೆ ಮನೆಗೆ ಬಂದು ಹೇಳುವುದು ಬಂಡೆ ಸೀಳಿನೊಳಗೆ ಬರಿಗಾಲಲ್ಲಿ ನಡೆದದ್ದನ್ನು. ತಣ್ಣಗೆ ಕಲ್ಲು, ಬಾವಲಿ ವಾಸನೆ, ಎಲ್ಲಿಂದಲೋ ಹನಿಯುವ ನೀರು. ದಾರಿಯಲ್ಲೇ ಸಿಗುತ್ತದೆ, ಇಳಿದು ನೋಡಿ ಬನ್ನಿ.

ಘಟ್ಟದಮೇಲಿನವಳು ಬರೆದದ್ದು:

ಹತ್ತು ದಿನ ಆಯಿತು, ಉತ್ತರ ಕೊಡದೆ ಇದ್ದದ್ದಕ್ಕೆ ಕ್ಷಮಿಸಿ.

ಮೊದಲು ಕಿಟಕಿಪಕ್ಕ ಅಕ್ಕನಿಗೆ. ನಿಮ್ಮದು ಓದಿ ಅಮ್ಮನಿಗೆ ಫೋನ್ ಮಾಡಿದೆ. "ನಮ್ಮನೆ ಅಂಗಳ ಒಳಗಾ ಹೊರಗಾ?" ಅಂತ ಕೇಳಿದೆ. "ನಿನಗೆ ಜ್ವರ ಬಂದಿದೆಯಾ?" ಅಂದರು. ಇಪ್ಪತ್ತು ವರ್ಷ ಓಡಾಡಿದ ಅಂಗಳ ಬಿಟ್ಟು, ಯಾವುದೋ ಫೋಟೋದ ತೊಟ್ಟಿ ಹೇಗೆ ನನ್ನ ಕೈಯಿಂದ ಬಂತೋ ಇನ್ನೂ ಗೊತ್ತಾಗಿಲ್ಲ. ಜ್ಯೂರಿ ಹೇಳಿದ್ದಕ್ಕಿಂತ ಜಾಸ್ತಿ ನೋವಾದದ್ದು ಇದು.

ಪ್ಲಾಸ್ಟರ್ ಎರಕ ಹಾಸ್ಟೆಲ್ ಬಚ್ಚಲಲ್ಲಿ ಮಾಡಿದೆ. ಘನದ ಒಳಗಿನಿಂದ ಬಂದದ್ದು ಥೇಟ್ ಬಟ್ಟೆ ಸೋಪು. ರೂಮ್‌ಮೇಟ್ ಅದನ್ನು ನಿಜವಾಗಿಯೂ ಸೋಪಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಬಚ್ಚಲಿನ ನೀರು ಎರಡು ದಿನ ಹೋಗಲಿಲ್ಲ, ಅದು ಬೇರೆ ಕತೆ.

ಆಮೇಲೆ ಸೈಟಿಗೆ ಹೋದೆ. ಹಿಂದೆಯೂ ಹೋಗಿದ್ದೆ, ಆದರೆ ಬೆಳಿಗ್ಗೆ ಎಂಟಕ್ಕೆ ಹೋಗಿ, ಫೋಟೋ ತೆಗೆದು, ಒಂಬತ್ತೂವರೆಗೆ ಗೋಕರ್ಣದಲ್ಲಿ ದೋಸೆ ತಿನ್ನುತ್ತಿದ್ದೆ. ಈ ಸಲ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂದು, ಆಗರಕ್ಕೆ ಮುಟ್ಟುವಾಗ ಹನ್ನೊಂದೂ ಮುಕ್ಕಾಲು. ಘಟ್ಟದಲ್ಲಿ ಬಸ್ಸಿನೊಳಗೆ ಪುಸ್ತಕ ಓದಲೂ ಆಗದಷ್ಟು ನೆರಳಿತ್ತು. ಆಗರದ ಬದಿಗೆ ನಿಂತಾಗ ಫೋನಿನ ಪರದೆ ಕಾಣಲಿಲ್ಲ. ಸ್ಕೆಚ್ ಪುಸ್ತಕ ತೆರೆದರೆ ಹಾಳೆಯೇ ಕಣ್ಣಿಗೆ ಹೊಡೆಯುತ್ತಿತ್ತು. ಆಗರದಮಗ ಅವರೇ, ನಿಮ್ಮ ಅಪ್ಪನ ಕಣ್ಣು ನನಗೆ ಹದಿನೈದು ನಿಮಿಷಕ್ಕೆ ಅರ್ಥ ಆಯಿತು.

ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರು ನನ್ನ ಅವಸ್ಥೆ ನೋಡಿ ಒಳಗೆ ಬಾ ಅಂತ ಕರೆದರು. ಕೊಟ್ಟಿಗೆ. ಕತ್ತಲೆ. ಹೊಸ್ತಿಲಲ್ಲಿ ನಿಂತು ಗಡಿಯಾರ ನೋಡಿಕೊಂಡೆ. ಮೂರು ನಿಮಿಷಕ್ಕೆ ರಾಶಿಯ ಗೆರೆ ಕಂಡಿತು. ಹತ್ತು ನಿಮಿಷಕ್ಕೆ ತೊಲೆ, ಆಮೇಲೆ ಗೋಡೆಯ ಕೆಳಗೆ ಉಪ್ಪು ತಿಂದು ಪುಡಿಯಾದ ಚಿರೆಕಲ್ಲು. ಸದ್ದೂ ಬೇರೆ. ಹೊರಗೆ ಮಾತು ಗಾಳಿಗೆ ಹೋಗಿಬಿಡುತ್ತಿತ್ತು. ಒಳಗೆ ಆ ಹೆಂಗಸು ಮೆಲ್ಲಗೆ ಮಾತಾಡಿದ್ದೂ ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ನಾನೂ ಯಾಕೋ ದನಿ ತಗ್ಗಿಸಿದೆ. ಜ್ಯೂರಿ ಕೇಳಿದ್ದು ಇದನ್ನೇ ಇರಬೇಕು, ಒಳಗೆ ಹೋದರೆ ಏನಾಗುತ್ತದೆ ಅಂತ.

ಅವರು ನೆಲದ ಮೇಲೆ ಕೂತೇ ಉಂಡರು. ನಾನೂ ಕೂತೆ. ಬಾಗಿಲ ಕೆಳಗಿನ ಸಂದಿಯಿಂದ ಆಗರದ ನೀರು ಒಂದು ಗೆರೆಯ ಹಾಗೆ ಕಾಣುತ್ತಿತ್ತು. ಎದ್ದು ನಿಂತರೆ ಅದು ಇಲ್ಲ. ಟೇಪು ತೆಗೆದು ಅಳೆದೆ. ಕೂತಾಗ ನನ್ನ ಕಣ್ಣು ನೆಲದಿಂದ 72 ಸೆಂಟಿಮೀಟರ್.

ಈಗಿನ ಡಿಸೈನ್ ಹೀಗಿದೆ. ಘನ ಹೋಯಿತು. ಆಗರದ ಒಳಗಿಂದ ಎದ್ದು ಹಳೇ ರಸ್ತೆ ಬದಿಯ ಗಟ್ಟಿ ನೆಲಕ್ಕೆ ಬಂದಿದ್ದೇನೆ. ಉದ್ದಕ್ಕೆ 40 ಮೀಟರ್, ಅಗಲ 6. ಒಂದೇ ಹಂಚಿನ ಮಾಡು, ಆಗರದ ಬದಿಗೆ ತಲೆ ಬಗ್ಗಿಸುವಷ್ಟು ಕೆಳಗೆ ಇಳಿದಿದೆ. ಒಳಗೆ ಹೋಗುವ ದಾರಿ ನೇರ ಇಲ್ಲ, ಎರಡು ಸಲ ತಿರುಗುತ್ತದೆ. ಆ ಹದಿನಾಲ್ಕು ಹೆಜ್ಜೆಯಲ್ಲಿ ಕಣ್ಣು ಇಳಿಯಬೇಕು ಅಂತ. ಆಮೇಲೆ ಕತ್ತಲೆಯ ಉದ್ದ ಕೋಣೆ. ಆಗರದ ಕಡೆಯ ಗೋಡೆಯಲ್ಲಿ ನೆಲದಿಂದ 90 ಸೆಂಟಿಮೀಟರ್‌ವರೆಗೆ ಮಾತ್ರ ಉದ್ದಕ್ಕೂ ಒಂದು ಕಿಂಡಿ. ಕೂತವರಿಗೆ ಇಡೀ ಆಗರ ಕಾಣುತ್ತದೆ. ನಿಂತವರಿಗೆ ತಮ್ಮ ಕಾಲು ಕಾಣುತ್ತದೆ. ಶಾಲೆ ಮಕ್ಕಳೂ ನೋಡಬೇಕಾದರೆ ಕೆಲಸದವರ ಪಕ್ಕ ನೆಲಕ್ಕೆ ಕೂರಬೇಕು. ಕಿಂಡಿಯಿಂದ ಒಳಗೆ ಬರುವ ಬೆಳಕು ನೀರಿಗೆ ತಾಗಿ ಮಾಡಿನ ಒಳಬದಿಯಲ್ಲಿ ಅಲೆ ಅಲೆಯಾಗಿ ಆಡುತ್ತದೆ. ಆ ಚಿತ್ರ ಇದ್ದಿಲಲ್ಲಿ ಬರೆದೆ, ರೆಂಡರ್ ಮಾಡಲಿಲ್ಲ.

ನೇರಗೆರೆ ಸರ್, ಶೌಚಾಲಯ ಮೊದಲ ಹಾಳೆಯಲ್ಲೇ ಇದೆ, ಸಿಹಿ ನೀರಿನ ಟ್ಯಾಂಕಿನ ಪಕ್ಕ. ಮಾಡಿನ ಮಳೆ ನೀರೂ ಅದಕ್ಕೇ ಹೋಗುತ್ತದೆ. ಕಬ್ಬಿಣ ಆದಷ್ಟು ಬಿಟ್ಟಿದ್ದೇನೆ. ಮರದ ಕಂಬ, ಮರದ ಗೂಟದ ಜೋಡಣೆ, ಕೆಳಗೆ ಕರಿಕಲ್ಲಿನ ತಳಪಾಯ, ಅದರ ಮೇಲೆ ಚಿರೆಕಲ್ಲು. ನಿಮ್ಮ ಕಂದು ಗೆರೆಯ ಮಾತು ಹಳೇ ರೆಂಡರಿನ ಪಕ್ಕದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ.

ಹೊಸ ಎರಕವೂ ಮಾಡಿದೆ, ಈ ಸಲ ಬಕೆಟಿನಲ್ಲಿ. ಬಾಲ ತಿರುಚಿದ ಮೀನಿನ ಹಾಗೆ ಬಂದಿದೆ. ಕಾಳಿದಂಡೆ ಸರ್ ನಗಬೇಡಿ.

ಕಾಳಿದಂಡೆ ಉತ್ತರಿಸಿದ್ದು:

ನಕ್ಕೆ. ಆದರೆ ಚೆನ್ನಾಗಿದೆ. ಆ ಹದಿನಾಲ್ಕು ಹೆಜ್ಜೆ ಬಿಡಬೇಡಿ, ಯಾರು ಏನೇ ಹೇಳಲಿ. ಸರ್ಕ್ಯುಲೇಶನ್, ಅಂದರೆ ಓಡಾಡುವ ಜಾಗ, ವೇಸ್ಟ್ ಅಂತ ಒಬ್ಬರು ಹೇಳಿಯೇ ಹೇಳುತ್ತಾರೆ.

ಒಂದು ತಪ್ಪು ಮಾತ್ರ ಇದೆ. ನಿಮ್ಮ ಅಲೆಯ ಬೆಳಕು. ಮಾರ್ಚ್ 21ಕ್ಕೆ ನಮ್ಮಲ್ಲಿ ಮಧ್ಯಾಹ್ನ ಸೂರ್ಯ ಸುಮಾರು 75 ಡಿಗ್ರಿ ಮೇಲಿರುತ್ತಾನೆ. ನೀರಿಗೆ ತಾಗಿದ ಬೆಳಕು ಅಷ್ಟೇ ಕಡಿದಾಗಿ ಮೇಲೆ ಹೋಗುತ್ತದೆ, ನಿಮ್ಮ ಕಿಂಡಿಯೊಳಗೆ ಬಾಗುವುದಿಲ್ಲ. ಮಧ್ಯಾಹ್ನ ಒಳಗೆ ಬರುವುದು ಮಂದವಾದ ಬಿಳಿ ಬೆಳಕು ಮಾತ್ರ. ಅಲೆ ಆಡಬೇಕಾದರೆ ಸೂರ್ಯ ಕೆಳಗಿರಬೇಕು, ಕಿಂಡಿ ಅವನ ಕಡೆ ಮುಖ ಮಾಡಿರಬೇಕು. ನಿಮ್ಮ ಕಿಂಡಿ ಪಶ್ಚಿಮಕ್ಕೆ ಇದ್ದ ಹಾಗೆ ಕಾಣುತ್ತದೆ. ಹಾಗಾದರೆ ಸಂಜೆ ಐದರ ಮೇಲೆ. ಆಗ ಕೆಲಸದವರು ಆಗರದಲ್ಲಿರುತ್ತಾರೆ, ಒಳಗೆ ಯಾರೂ ಇರುವುದಿಲ್ಲ. ಜ್ಯೂರಿ ಹಿಡಿದರೆ ಇದನ್ನೇ ಹಿಡಿಯುತ್ತಾರೆ.

ಘಟ್ಟದಮೇಲಿನವಳು ಬರೆದದ್ದು:

ಮಾಡೆಲ್ ಪಕ್ಕ ತಟ್ಟೆಯಲ್ಲಿ ನೀರಿಟ್ಟು ಟಾರ್ಚ್ ಹಿಡಿದು ನೋಡಿದೆ. ನೀವು ಹೇಳಿದ್ದೇ ಸರಿ. ಮೇಲಿನಿಂದ ಹಿಡಿದರೆ ಏನೂ ಇಲ್ಲ. ಟಾರ್ಚ್ ಕೆಳಗೆ ಇಳಿಸಿದಾಗ ಮಾಡಿನ ಅಡಿ ಪೂರ್ತಿ ಕುಣಿಯಿತು. ಕಿಂಡಿ ತಿರುಗಿಸುವುದಿಲ್ಲ. ಯಾರೂ ಇಲ್ಲದಾಗ ಆಡಿಕೊಳ್ಳಲಿ. ಇದ್ದಿಲ ಚಿತ್ರದ ಕೆಳಗೆ ಸಮಯ ಬದಲಾಯಿಸಿ "ಸಂಜೆ 5:40" ಅಂತ ಬರೆದಿದ್ದೇನೆ. ಚಿತ್ರದಲ್ಲಿದ್ದ ಜನರನ್ನು ಅಳಿಸಿದೆ, ಒಂದು ಊಟದ ಡಬ್ಬಿ ಮಾತ್ರ ಬಿಟ್ಟಿದ್ದೇನೆ.

ಆಗರದಮಗ ಉತ್ತರಿಸಿದ್ದು:

ಆ ಕಿಂಡಿಗೆ ಹಲಗೆ ಬಾಗಿಲು ಇಡಿ ಅಮ್ಮಾ. ಮಳೆಗಾಲದಲ್ಲಿ ಆಗರ ಪೂರ್ತಿ ನೀರು. ಒಣ ಜಾಗ ಹುಡುಕಿಕೊಂಡು ಹಾವು ಬರುತ್ತವೆ.